ಅಮ್ಮನ ಮೊಬೈಲಿಗಾಗಿ ರಾಸ್‌ಬೆರಿ ಪೈ: ಜಾಹೀರಾತನ್ನು ಮನೆಯ ಬಾಗಿಲಲ್ಲೇ ತಡೆಯುವುದು ಸರಿಯೇ?

ಪಯಸ್ವಿನಿ, ಅಡೂರು (ಶನಿವಾರ, ಬೆಳಗ್ಗೆ 7.10)

ನನ್ನ ಅಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳ ಮಾತನಾಡುತ್ತಾರೆ, ಓದಲು ಬಾರದು. ಬೆಳಗಿನ ಕಾಫಿಯ ಹೊತ್ತಿಗೆ ಮೊಬೈಲಿನಲ್ಲಿ ಕನ್ನಡ ಸುದ್ದಿ ಓದುತ್ತಾರೆ, ಅಡಿಕೆ ಧಾರಣೆ ನೋಡುತ್ತಾರೆ. ಸುದ್ದಿಯೇನೋ ಕನ್ನಡದ್ದು. ಆದರೆ ನಾವಿರುವುದು ಕಾಸರಗೋಡು ಜಿಲ್ಲೆಯಾದ್ದರಿಂದ ನಡುನಡುವೆ ತೂರಿಬರುವ ಜಾಹೀರಾತು ಮಲಯಾಳದ್ದು. ಯಾವ ಗುಂಡಿ ಒತ್ತಿದರೆ ಮುಚ್ಚುತ್ತದೆ, ಯಾವುದನ್ನು ಒತ್ತಿದರೆ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಅವರಿಗೆ ತಿಳಿಯುವುದಿಲ್ಲ. ಕಳೆದ ತಿಂಗಳು ಪರದೆ ತುಂಬ ಕೆಂಪು ಬಣ್ಣದ ಎಚ್ಚರಿಕೆಯೊಂದು ಬಂತಂತೆ. ಗಾಬರಿಯಲ್ಲಿ ಸಿಕ್ಕಿದ್ದನ್ನು ಒತ್ತಿದ್ದಾರೆ. ಫೋನ್ ಶುಚಿ ಮಾಡುತ್ತೇವೆಂದು ಹೇಳಿಕೊಳ್ಳುವ ಆ್ಯಪ್ ಒಂದು ಒಳಗೆ ಬಂದು ಕುಳಿತಿತ್ತು. ಹಣ ಹೋಗಲಿಲ್ಲ, ಅದೇ ಪುಣ್ಯ. ಆದರೆ ಅಂದಿನಿಂದ ಒಂದು ವಾರ ಅಮ್ಮ ಮೊಬೈಲ್ ಮುಟ್ಟಲಿಲ್ಲ. ಅದು ನನಗೆ ಬಹಳ ನೋವು ಕೊಟ್ಟಿತು.

ತಂಗಿಯ ಮಗ ಇಂಜಿನಿಯರಿಂಗ್ ಪ್ರಾಜೆಕ್ಟಿಗೆಂದು ತಂದಿದ್ದ ರಾಸ್‌ಬೆರಿ ಪೈ 3 ಕಪಾಟಿನಲ್ಲಿ ಬಿದ್ದಿತ್ತು. ಅಂಗೈಯಗಲದ ಒಂಟಿ ಬೋರ್ಡಿನ ಕಂಪ್ಯೂಟರು. ಅದರಲ್ಲಿ ಪೈ-ಹೋಲ್ ಎಂಬ ಉಚಿತ ತಂತ್ರಾಂಶ ಹಾಕಿ ರೌಟರಿನ ಪಕ್ಕದಲ್ಲಿ ಇಟ್ಟೆ. ಗೊತ್ತಿಲ್ಲದವರಿಗಾಗಿ ಎರಡು ಮಾತು: ಒಂದು ಸುದ್ದಿಪುಟ ತೆರೆದರೆ ಮೊಬೈಲು ಆ ತಾಣದ ವಿಳಾಸವನ್ನು ಮಾತ್ರ ಕೇಳುವುದಿಲ್ಲ. ಜಾಹೀರಾತು ಒದಗಿಸುವವರು, ನಾವು ಏನು ನೋಡಿದೆವೆಂದು ಲೆಕ್ಕ ಇಡುವವರು, ಹೀಗೆ ಹತ್ತಾರು ಹೆಸರುಗಳ ವಿಳಾಸ ಕೇಳುತ್ತದೆ. ಹೆಸರು ಕೊಟ್ಟರೆ ವಿಳಾಸ ಹೇಳುವ ಈ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಪೈ-ಹೋಲ್ ಆ ಪ್ರಶ್ನೆಗಳನ್ನೆಲ್ಲ ತಾನೇ ಬರಮಾಡಿಕೊಂಡು, ತನ್ನ ಪಟ್ಟಿಯಲ್ಲಿರುವ ಹೆಸರಾದರೆ 0.0.0.0 ಎಂಬ ಎಲ್ಲಿಗೂ ತಲುಪಿಸದ ಉತ್ತರ ಕೊಡುತ್ತದೆ. ಜಾಹೀರಾತು ಬಂದ ಮೇಲೆ ಮರೆಮಾಡುವುದಲ್ಲ, ಅದು ಮನೆಗೇ ಬರುವುದಿಲ್ಲ.

ಈಗ ಅಮ್ಮ ನೆಮ್ಮದಿಯಿಂದ ಓದುತ್ತಿದ್ದಾರೆ. ನನಗೆ ಮೂರು ತೊಡಕುಗಳಿವೆ. ಫೈಬರಿನವರು ಕೊಟ್ಟ ರೌಟರಿನಲ್ಲಿ ಡಿಎನ್‌ಎಸ್ ಬದಲಿಸಲು ಅವಕಾಶವೇ ಇಲ್ಲ, ಆದ್ದರಿಂದ ಒಂದೊಂದು ಫೋನಿಗೂ ಕೈಯಾರೆ ತುಂಬಿಸಿದ್ದೇನೆ. ಎರಡನೆಯದು, ಮೊನ್ನೆಯ ಸಿಡಿಲು ಮಳೆಗೆ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ರೌಟರ್ ಎದ್ದಿದೆ, ಪೈ ಎದ್ದಿದೆ, ಒಂದು ಪುಟವೂ ತೆರೆಯುವುದಿಲ್ಲ. ದುಬೈಯಿಂದ ಅಕ್ಕ ಕರೆ ಮಾಡಿ ಮಾಡಿ ಸೋತರು. ಕೊನೆಗೆ ಎಲ್ಲ ಫೋನುಗಳಿಂದ ಪೈಯ ವಿಳಾಸ ಅಳಿಸಬೇಕಾಯಿತು. ಮೂರನೆಯದು ತಂತ್ರದ್ದಲ್ಲ. ಹೀಗೆ ತಡೆಯುವುದು ಸರಿಯೇ? ಅಮ್ಮ ಓದುವ ಸುದ್ದಿ ಬರೆಯುವವರ ಹೊಟ್ಟೆಪಾಡು ಅದರಿಂದಲೇ ಅಲ್ಲವೇ?

ಶಿರಿಯಾ, ಕುಂಬಳೆ (ಶನಿವಾರ, ಬೆಳಗ್ಗೆ 9.25)

ಮಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ನನ್ನದು. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮನೆಗೆ ಬಂದ ಪ್ರತಿ ಫೋನಿಗೂ ನಿನ್ನ ನಂಬರ್ ಇದು, ಹೆಸರು ಕೇಳಬೇಕಾದದ್ದು ಇವರಲ್ಲಿ ಎಂದು ಹೇಳುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಡಿಎನ್‌ಎಸ್ ಬದಲಿಸಲು ಬಿಡದ ರೌಟರುಗಳಲ್ಲೂ ಡಿಎಚ್‌ಸಿಪಿಯನ್ನು ನಿಲ್ಲಿಸುವ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ನಿಲ್ಲಿಸಿ, ಪೈ-ಹೋಲಿನಲ್ಲಿ ಹಚ್ಚಿರಿ. ಪೈಗೆ ಮಾತ್ರ ಬದಲಾಗದ ನಂಬರ್ ಕೊಟ್ಟಿರಬೇಕು. ಆಮೇಲೆ ಯಾವ ಫೋನನ್ನೂ ಮುಟ್ಟಬೇಕಾಗಿಲ್ಲ, ನೆಂಟರು ಬಂದರೂ ಅಷ್ಟೇ.

ಎರಡು ಎಚ್ಚರಿಕೆ. ಎರಡನೆಯ ಡಿಎನ್‌ಎಸ್ ಎಂಬ ಖಾಲಿ ಜಾಗ ಕಂಡರೆ ಇರಲಿ ಎಂದು ಗೂಗಲಿನ 8.8.8.8 ತುಂಬಿಸಬೇಡಿ. ಅದು ಆಪತ್ತಿಗೆ ಇಟ್ಟ ಹಿಂಬಾಗಿಲು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಫೋನುಗಳು ಎರಡರಲ್ಲಿ ಯಾವುದನ್ನು ಬೇಕಾದರೂ ಯಾವಾಗ ಬೇಕಾದರೂ ಕೇಳುತ್ತವೆ, ಜಾಹೀರಾತು ಆ ದಾರಿಯಲ್ಲಿ ಬರುತ್ತದೆ. ಇನ್ನೊಂದು, ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6. ಡಿಎಚ್‌ಸಿಪಿ ನಿಲ್ಲಿಸಿದರೂ ಕೆಲವು ರೌಟರುಗಳು ಐಪಿವಿ6 ಮೂಲಕ ತಮ್ಮದೇ ಡಿಎನ್‌ಎಸ್ ವಿಳಾಸವನ್ನು ಸಾರುತ್ತಲೇ ಇರುತ್ತವೆ. ಎಲ್ಲ ಸರಿಯಿದ್ದೂ ಜಾಹೀರಾತು ಬರುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಕರೆಂಟ್ ಹೋದ ಕತೆಗೆ ಉತ್ತರ ಕೊಡುವ ಮೊದಲು ಒಂದು ಮಾತು ತಿಳಿಯಬೇಕು. ಅನ್‌ಬೌಂಡ್ (ಹೆಸರಿನ ವಿಳಾಸವನ್ನು ಬೇರೊಬ್ಬರ ಡಿಎನ್‌ಎಸ್ ಕೇಳದೆ ತಾನೇ ಹುಡುಕುವ ತಂತ್ರಾಂಶ) ಕೂಡ ಹಾಕಿದ್ದೀರಾ?

ಗಡಿನಾಡ ಸುದ್ದಿಗಾರ, ಬದಿಯಡ್ಕ (ಶನಿವಾರ, ಮಧ್ಯಾಹ್ನ 12.50)

ಪಯಸ್ವಿನಿಯವರೇ, ಮೂರನೆಯ ಪ್ರಶ್ನೆ ಕೇಳಿದ್ದಕ್ಕೆ ವಂದನೆ. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ. ನಾವು ಇಬ್ಬರು ಸೇರಿ ಒಂದು ಕನ್ನಡ ಸುದ್ದಿತಾಣ ನಡೆಸುತ್ತೇವೆ. ಬದಿಯಡ್ಕದಲ್ಲಿ ಬಾಡಿಗೆ ಕೋಣೆ, ಎರಡು ಕಂಪ್ಯೂಟರು, ಒಂದು ಬೈಕ್. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗ ಶಾಲೆಯ ಗೇಟಿನ ಬಳಿ ಮಕ್ಕಳೊಂದಿಗೆ ನಿಂತು ವರದಿ ಮಾಡಿದವರು ನಾವು. ಬೆಂಗಳೂರಿನ ದೊಡ್ಡ ಪತ್ರಿಕೆಗೆ ಅದು ಸುದ್ದಿಯಲ್ಲ, ತಿರುವನಂತಪುರದ ಪತ್ರಿಕೆಗೂ ಅಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಸುದ್ದಿಯ ಗತಿ ಇದು: ಎರಡು ರಾಜಧಾನಿಗಳಿಗೂ ದೂರ. ಓದುಗರಿಂದ ಚಂದಾ ಕೇಳಿದ್ದೇವೆ. ಕೊಟ್ಟವರನ್ನು ಬೆರಳಿನಲ್ಲಿ ಎಣಿಸಬಹುದು. ಉಳಿದ ಖರ್ಚು ಆ ಜಾಹೀರಾತಿನಿಂದಲೇ ಹುಟ್ಟಬೇಕು.

ನಿಮ್ಮ ಅಮ್ಮನಿಗಾದ ತೊಂದರೆಗೆ ನನಗೆ ನಿಜವಾಗಿ ಬೇಸರವಿದೆ. ಆದರೆ ನಿಮ್ಮ ಪೆಟ್ಟಿಗೆ ಒಳ್ಳೆಯದು ಕೆಟ್ಟದ್ದು ಎಂದು ನೋಡುವುದಿಲ್ಲ. ಮೋಸದ ಆ್ಯಪನ್ನೂ ತಡೆಯುತ್ತದೆ, ನಮಗೆ ಬರಬೇಕಾದ ಪೈಸೆಯನ್ನೂ ತಡೆಯುತ್ತದೆ. ಊರಿನ ಎಲ್ಲ ಮನೆಗಳೂ ಹೀಗೆ ಮಾಡಿದರೆ ಅಮ್ಮನಿಗೆ ಓದಲು ಕನ್ನಡ ಸುದ್ದಿಯೇ ಇರುವುದಿಲ್ಲ.

ಪೆರಡಾಲ ಮಾಸ್ತರ್, ನೀರ್ಚಾಲು (ಶನಿವಾರ, ಮಧ್ಯಾಹ್ನ 2.15)

ಸುದ್ದಿಗಾರರೇ, ನಿಮ್ಮ ವರದಿಗಳನ್ನು ನಾನು ತಪ್ಪದೆ ಓದುತ್ತೇನೆ. ಶಾಲೆಯ ಆ ವರದಿಯನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ಆದರೂ ನಿಮ್ಮ ಮಾತನ್ನು ಒಪ್ಪಲಾರೆ.

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಪತ್ರಿಕೆಯಲ್ಲಿ ಮೊದಲೂ ಜಾಹೀರಾತು ಇತ್ತು. ಜವಳಿ ಅಂಗಡಿ, ಚಿನ್ನದಂಗಡಿ, ಯಕ್ಷಗಾನ ಮೇಳದ ಆಟ. ನಾನು ಅದನ್ನು ನೋಡುತ್ತಿದ್ದೆ, ಅದು ನನ್ನನ್ನು ನೋಡುತ್ತಿರಲಿಲ್ಲ. ಇಂದಿನದು ಹಾಗಲ್ಲ. ನನ್ನ ಮೊಮ್ಮಗಳು ಗಣಿತದ ಲೆಕ್ಕವೊಂದನ್ನು ಹುಡುಕಿದ ಮರುಗಳಿಗೆ ಅವಳ ವಯಸ್ಸು, ಊರು, ಆಸಕ್ತಿ ಎಲ್ಲವನ್ನೂ ಊಹಿಸಿ ಟ್ಯೂಷನ್ ಆ್ಯಪಿನ ಜಾಹೀರಾತು ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಒಂಬತ್ತನೆಯ ಕಲಮು ಹದಿನೆಂಟು ತುಂಬದ ಮಕ್ಕಳ ಜಾಡು ಹಿಡಿಯುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಟ್ಟಳೆಗಳ ಜಾರಿಗೆ ಮತ್ತೆ ಹದಿನೆಂಟು ತಿಂಗಳ ಗಡುವು. ಕಾನೂನು ಬರುವವರೆಗೆ ಮಗು ಕಾಯುತ್ತದೆಯೇ? ಅಲ್ಲಿಯವರೆಗೆ ಮನೆಯ ಹಿರಿಯರು ಬೇಲಿ ಹಾಕಿದರೆ ಅದು ಕಳ್ಳತನವಲ್ಲ.

ಇನ್ನೊಂದು ನೆನಪು. 2015ರಲ್ಲಿ ಕೇರಳ ಸರ್ಕಾರ ಎಂಟನೇ ತರಗತಿಯ ಆಯ್ದ ಮಕ್ಕಳಿಗೆ ಇದೇ ರಾಸ್‌ಬೆರಿ ಪೈಗಳನ್ನು ಹಂಚಿತ್ತು. 2018ರಿಂದ ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕಂಪ್ಯೂಟರ್ ಕೂಟಗಳಿವೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳೂ ಅಲ್ಲಿ ಕಂಪ್ಯೂಟರು ಬಿಚ್ಚಿ ಕಲಿಯುತ್ತಾರೆ. ಇಂಟರ್ನೆಟ್ ಎಂದರೆ ಬಂದದ್ದನ್ನು ನುಂಗುವುದಲ್ಲ, ಏನು ಬರುತ್ತಿದೆ ಎಂದು ನೋಡಬಹುದು, ಬೇಡದ್ದನ್ನು ನಿಲ್ಲಿಸಬಹುದು ಎಂದು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ಕಾಣದು.

ತೋಟದ ಮನೆ, ಮುಳ್ಳೇರಿಯ (ಶನಿವಾರ, ಸಂಜೆ 6.40)

ಎಲ್ಲರೂ ದೊಡ್ಡ ಮಾತು ಆಡುತ್ತಿದ್ದೀರಿ. ನಾನು ಎರಡು ವರ್ಷ ಇದನ್ನು ನಡೆಸಿ ಕೈಬಿಟ್ಟವನು. ಯಾಕೆಂದು ಹೇಳುತ್ತೇನೆ.

ಒಂದನೆಯದಾಗಿ ಯೂಟ್ಯೂಬಿನ ಜಾಹೀರಾತು ಇದರಿಂದ ನಿಲ್ಲುವುದಿಲ್ಲ. ವಿಡಿಯೊ ಬರುವ ಹೆಸರಿನಿಂದಲೇ ಜಾಹೀರಾತೂ ಬರುತ್ತದೆ, ಆ ಹೆಸರನ್ನು ತಡೆದರೆ ವಿಡಿಯೊವೂ ಇಲ್ಲ. ನಮ್ಮ ಮನೆಯಲ್ಲಿ ಸಂಜೆ ನೋಡುವುದೇ ಯಕ್ಷಗಾನದ ವಿಡಿಯೊ. ಆಮೇಲೆ ವೈಫೈ. ಅಂಗಳ ದಾಟಿ ತೋಟಕ್ಕೆ ಇಳಿದರೆ ವೈಫೈ ಇಲ್ಲ, ಫೋನು ಮೊಬೈಲ್ ಡೇಟಾಕ್ಕೆ ಹೋಗುತ್ತದೆ, ಪೈ ಮನೆಯಲ್ಲೇ ಕುಳಿತಿರುತ್ತದೆ. ಮೂರನೆಯದು ಸಿಡಿಲು. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ ಎಂದು ನಂಬಿ ಕುಳಿತೆ. ಕೇಬಲಿಗೆ ಬಲ ಕೊಡಲು ಕಟ್ಟಿರುವ ಉಕ್ಕಿನ ತಂತಿ ಇದೆ, ಕರೆಂಟಿನ ತಂತಿ ಇದೆ. ಮೇ ಕೊನೆಗೆ ಬರುವ ಪತ್ತನಾಜೆಯ ಮುಂಚಿನ ಒಂದು ಸಂಜೆ ರೌಟರೂ ಪೈಯೂ ಒಟ್ಟಿಗೆ ಸುಟ್ಟವು.

ಈಗ ಏನು ಮಾಡುತ್ತಿದ್ದೇನೆ ಎಂದರೆ, ಆಂಡ್ರಾಯ್ಡ್ 9ರಿಂದ ಈಚೆಗೆ ಎಲ್ಲ ಫೋನುಗಳಲ್ಲೂ ಪ್ರೈವೇಟ್ ಡಿಎನ್‌ಎಸ್ ಎಂಬ ಜಾಗ ಇದೆ. ಜಾಹೀರಾತು ಸೋಸುವ ಸಾರ್ವಜನಿಕ ಡಿಎನ್‌ಎಸ್ ಒಂದರ ಹೆಸರನ್ನು ಅಲ್ಲಿ ತುಂಬಿಸಿದರೆ ಮನೆಯಲ್ಲೂ ಸರಿ, ತೋಟದಲ್ಲೂ ಸರಿ, ಕಾಸರಗೋಡಿನ ಬಸ್ಸಿನಲ್ಲೂ ಸರಿ. ಬ್ರೌಸರಿಗೆ ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಖರ್ಚು ಸೊನ್ನೆ. ಅಮ್ಮನ ಒಂದು ಫೋನಿಗೋಸ್ಕರ ಇಷ್ಟೆಲ್ಲ ಹರಸಾಹಸ ಬೇಕೇ?

ಪಯಸ್ವಿನಿ, ಅಡೂರು (ಶನಿವಾರ, ರಾತ್ರಿ 8.05)

ತೋಟದ ಮನೆಯವರೇ, ಅಮ್ಮನ ಫೋನ್ ಒಂದೇ ಆಗಿದ್ದರೆ ನಿಮ್ಮ ದಾರಿ ಸಾಕಿತ್ತು. ಟಿವಿ ಇದೆಯಲ್ಲ. ಅದರಲ್ಲಿ ಪ್ರೈವೇಟ್ ಡಿಎನ್‌ಎಸ್ ಜಾಗವೂ ಇಲ್ಲ, ಫೈರ್‌ಫಾಕ್ಸೂ ಇಲ್ಲ. ಪೈ ಹಾಕಿದ ಮೊದಲ ರಾತ್ರಿ ಅದರ ಲಾಗ್, ಅಂದರೆ ಕೇಳಿದ ಹೆಸರುಗಳ ದಾಖಲೆ, ತೆರೆದು ನೋಡಿದೆ. ಎಲ್ಲರೂ ಮಲಗಿದ್ದಾರೆ, ಟಿವಿಯ ಪರದೆ ಆರಿದೆ, ಆದರೂ ಅದು ಯಾವ ಯಾವುದೋ ಹೆಸರುಗಳನ್ನು ಕೇಳುತ್ತಲೇ ಇದೆ. ಹಜಾರದಲ್ಲಿ ಯಾರೋ ಅಪರಿಚಿತರು ಕುಳಿತಿದ್ದಾರೆ ಎನ್ನಿಸಿತು.

ಶಿರಿಯಾ ಅವರಿಗೆ: ಹೌದು, ಅನ್‌ಬೌಂಡ್ ಹಾಕಿದ್ದೇನೆ. ನಮ್ಮ ಪ್ರಶ್ನೆಗಳು ಮೂರನೆಯವರೊಬ್ಬರ ಕೈಗೆ ಹೋಗುವುದೇ ಬೇಡವೆಂದು.

ಶಿರಿಯಾ, ಕುಂಬಳೆ (ಶನಿವಾರ, ರಾತ್ರಿ 9.30)

ಹಾಗಾದರೆ ರೋಗ ತಿಳಿಯಿತು. ತಪ್ಪು ಕರೆಂಟಿನದ್ದಲ್ಲ, ಗಡಿಯಾರದ್ದು.

ಪೈ 3ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಆರಿದ ಹೊತ್ತಿನ ಆಸುಪಾಸಿನ ಸಮಯವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಟ್ಟು, ಎದ್ದಾಗ ಅಲ್ಲಿಂದಲೇ ಎಣಿಸಲು ಶುರುಮಾಡುತ್ತದೆ. ನಿಮ್ಮಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ, ಆದ್ದರಿಂದ ಪೈಯ ಪಾಲಿಗೆ ಇಂದು ಮೊನ್ನೆ. ಅನ್‌ಬೌಂಡ್ ಉತ್ತರಗಳ ಸಹಿಯನ್ನು ಪರೀಕ್ಷಿಸುತ್ತದೆ, ಅದಕ್ಕೆ ಡಿಎನ್‌ಎಸ್‌ಸೆಕ್ ಎನ್ನುತ್ತಾರೆ. ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಗಡಿಯಾರ ಹಿಂದಿದ್ದರೆ ಹೊಸ ಸಹಿಗಳ ಅವಧಿ ಇನ್ನೂ ಶುರುವಾಗಿಲ್ಲ ಎಂದು ತೋರುತ್ತದೆ, ಉತ್ತರ ತಿರಸ್ಕಾರವಾಗುತ್ತದೆ. ಸಮಯ ಸರಿಪಡಿಸಿಕೊಳ್ಳೋಣವೆಂದರೆ ಸಮಯ ಹೇಳುವ ಸರ್ವರಿನ ಹೆಸರಿಗೆ ವಿಳಾಸ ಬೇಕು. ಅದನ್ನು ಪೈ ತನ್ನನ್ನೇ ಕೇಳಿಕೊಳ್ಳುವಂತೆ ನೀವು ಹೊಂದಿಸಿದ್ದರೆ ಅಲ್ಲಿಗೆ ಮುಗಿಯಿತು. ಸಮಯವಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ಸಮಯವಿಲ್ಲ.

ಮದ್ದು ಎರಡು. ಟೈಮ್‌ಸಿಂಕ್‌ಡಿ ಎಂಬ, ಗಡಿಯಾರ ಸರಿಪಡಿಸುವ ತಂತ್ರಾಂಶದ ಕಡತದಲ್ಲಿ ಸಮಯದ ಸರ್ವರನ್ನು ಹೆಸರಿನಲ್ಲಿ ಬರೆಯದೆ ಅಂಕಿಯ ವಿಳಾಸದಲ್ಲಿ ಬರೆಯಿರಿ. ಅಥವಾ ಡಿಎಸ್3231 ಎಂಬ ಗಡಿಯಾರದ ಬಿಲ್ಲೆ ಸಿಗುತ್ತದೆ, ಗುಂಡು ಬ್ಯಾಟರಿಯದ್ದು, ಅದನ್ನು ಪೈಯ ಪಿನ್ನುಗಳಿಗೆ ಸಿಕ್ಕಿಸಿ. ನಮ್ಮ ಊರಿನ ಮಳೆಗಾಲಕ್ಕೆ ನಾನು ಎರಡನ್ನೂ ಮಾಡಿ ಎನ್ನುತ್ತೇನೆ.

ಜೊತೆಗೆ ರೌಟರಿಗೂ ಪೈಗೂ ಒಂದು ಸಣ್ಣ ಯುಪಿಎಸ್ ಇರಲಿ. ಪೈ 3 ತಿನ್ನುವುದು ಎರಡು ವಾಟ್ ಆಸುಪಾಸು, ವರ್ಷವಿಡೀ ಉರಿದರೂ ಹದಿನೇಳು ಹದಿನೆಂಟು ಯೂನಿಟ್. ಹಾಳಾಗುವುದು ಕರೆಂಟಿನ ಖರ್ಚಿನಿಂದಲ್ಲ, ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಮೆಮೊರಿ ಕಾರ್ಡ್ ಕೆಡುವುದರಿಂದ. ಪೈ-ಹೋಲಿನ ಟೆಲಿಪೋರ್ಟರ್‌ನಿಂದ ಹೊಂದಾಣಿಕೆಯ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಸಿಡಿಲಿಗೆ ಮಾತ್ರ ತೋಟದ ಮನೆಯವರು ಹೇಳಿದ್ದೇ ಸತ್ಯ. ಮೋಡ ಗುಡುಗಿದರೆ ಪ್ಲಗ್ ಕೀಳಬೇಕು.

ತೋಟದ ಮನೆಯವರೇ, ನಿಮ್ಮ ಪ್ರೈವೇಟ್ ಡಿಎನ್‌ಎಸ್ ದಾರಿ ತಪ್ಪಲ್ಲ. ಆದರೆ ದಿನವಿಡೀ ನೀವು ಯಾವ ತಾಣ ತೆರೆದಿರಿ ಎಂಬ ಪಟ್ಟಿಯನ್ನು ಇಡಿಯಾಗಿ ಬೇರೊಬ್ಬರ ಕೈಗೆ ಕೊಟ್ಟಂತಾಯಿತು. ಅವರು ಒಳ್ಳೆಯವರೇ ಇರಬಹುದು. ಆ ನಂಬಿಕೆ ಇದ್ದವರಿಗೆ ಮಾತ್ರ ಆ ದಾರಿ.

ಹೊಸಂಗಡಿ ಸೊಸೆ (ಭಾನುವಾರ, ಬೆಳಗ್ಗೆ 10.20)

ನಿನ್ನೆಯಿಂದ ಓದುತ್ತಿದ್ದೇನೆ. ಪಟ್ಟಿ ಬೇರೊಬ್ಬರ ಕೈಗೆ ಹೋಗಬಾರದು ಎಂದು ಶಿರಿಯಾ ಅಣ್ಣ ಹೇಳಿದರು. ಸರಿ. ಆ ಪಟ್ಟಿ ಈಗ ಯಾರ ಕೈಯಲ್ಲಿದೆ ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಮನೆಯಿಂದಲೇ ಕೆಲಸ ಮಾಡುವವಳು. ನಮ್ಮ ಮನೆಯಲ್ಲೂ ಭಾವ ಇಂಥದ್ದೊಂದನ್ನು ಇಟ್ಟರು, ಒಳ್ಳೆಯ ಉದ್ದೇಶದಿಂದಲೇ. ಒಂದು ದಿನ ಊಟದ ಹೊತ್ತಿಗೆ, ನೀನು ಬೇರೆ ಕೆಲಸ ಹುಡುಕುತ್ತಿದ್ದೀಯಾ ಎಂದು ಕೇಳಿದರು. ನಾನು ಯಾರಿಗೂ ಹೇಳಿರಲಿಲ್ಲ. ಯಾವ ಫೋನು, ಎಷ್ಟು ಗಂಟೆಗೆ, ಯಾವ ತಾಣ ಕೇಳಿತು ಎಂದು ಆ ಪೆಟ್ಟಿಗೆ ಸಾಲುಸಾಲಾಗಿ ಬರೆದಿಡುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಕೆಲಸದ ತಾಣವಾದ್ದರಿಂದ ಸರಿಹೋಯಿತು. ಹೆಣ್ಣೊಬ್ಬಳು ವೈದ್ಯರ ಬಗ್ಗೆ ಹುಡುಕಬಹುದು, ವಕೀಲರ ಬಗ್ಗೆ ಹುಡುಕಬಹುದು, ಸಹಾಯವಾಣಿ ಹುಡುಕಬಹುದು. ದೂರದ ಕಂಪನಿಗೆ ನನ್ನ ಗುಟ್ಟು ತಿಳಿದರೆ ಅದು ಚಪ್ಪಲಿಯ ಜಾಹೀರಾತು ತೋರಿಸುತ್ತದೆ. ಮನೆಯವರಿಗೆ ತಿಳಿದರೆ ಬದುಕೇ ಬೇರೆ ದಾರಿ ಹಿಡಿಯಬಹುದು.

ಮಾಸ್ತರರು ಬೇಲಿ ಎಂದರು. ಬೇಲಿಯ ಮೇಲೆ ಕಣ್ಣಿದೆ ಮಾಸ್ತರೇ, ಅದು ಒಳಗಿನವರನ್ನೇ ನೋಡುತ್ತಿದೆ. ಪಯಸ್ವಿನಿ ಅಣ್ಣ ಮೊದಲ ರಾತ್ರಿ ಲಾಗ್ ತೆರೆದೆ ಎಂದು ಬರೆದಿದ್ದಾರೆ. ಟಿವಿಯ ಸಾಲುಗಳ ಜೊತೆಗೆ ಮನೆಯವರ ಸಾಲುಗಳೂ ಇದ್ದಿರಬೇಕಲ್ಲ?

ಪಯಸ್ವಿನಿ, ಅಡೂರು (ಭಾನುವಾರ, ಬೆಳಗ್ಗೆ 11.45)

ಅಕ್ಕ, ಇದ್ದವು. ನಾನು ನೋಡಿದೆ ಕೂಡ. ಹೆಂಡತಿಯ ಫೋನಿನ ಸಾಲುಗಳು, ತಂಗಿಯ ಮಗನ ಸಾಲುಗಳು. ಕೆಟ್ಟದ್ದೇನೂ ಇರಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ನೋಡಿದ್ದೇ ತಪ್ಪು ಎಂದು ನಿಮ್ಮ ಮಾತು ಓದಿದ ಮೇಲೆ ತಿಳಿಯಿತು. ಇಂದು ಇಬ್ಬರಿಗೂ ಹೇಳಿದ್ದೇನೆ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಅದನ್ನು ನಿಲ್ಲಿಸಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆಯೇ?

ಶಿರಿಯಾ, ಕುಂಬಳೆ (ಭಾನುವಾರ, ಮಧ್ಯಾಹ್ನ 12.30)

ಬರುತ್ತದೆ. ಪೈ-ಹೋಲಿನಲ್ಲಿ ಗೋಪ್ಯತೆಗೆ ಸೊನ್ನೆಯಿಂದ ಮೂರರವರೆಗೆ ಮಟ್ಟಗಳಿವೆ. ಹಾಕಿದ ಹೊಸದರಲ್ಲಿ ಸೊನ್ನೆ, ಎಲ್ಲವೂ ಕಾಣುತ್ತದೆ. ಒಂದರಲ್ಲಿ ತಾಣದ ಹೆಸರು ಮರೆಯಾಗುತ್ತದೆ, ಎರಡರಲ್ಲಿ ಯಾವ ಫೋನು ಎಂಬುದೂ. ಮೂರರಲ್ಲಿ ಒಟ್ಟು ಲೆಕ್ಕ ಬಿಟ್ಟರೆ ಏನೂ ಉಳಿಯುವುದಿಲ್ಲ. ಮಟ್ಟ ಬದಲಿಸಿದರೆ ಹಳೆಯ ದಾಖಲೆ ತಾನಾಗಿ ಅಳಿಯುವುದಿಲ್ಲ, ಅದನ್ನು ಬೇರೆಯಾಗಿ ಅಳಿಸಬೇಕು.

ವೃತ್ತಿಯವನಾಗಿ ಒಂದು ಮಾತು ಹೇಳದೆ ಇರಲಾರೆ. ಲಾಗ್ ಪೂರ್ತಿ ನಿಲ್ಲಿಸಿದರೆ ಬ್ಯಾಂಕಿನ ಆ್ಯಪ್ ತೆರೆಯದಿದ್ದಾಗ ಯಾವ ಹೆಸರು ತಡೆಯಾಯಿತು ಎಂದು ಕಂಡುಹಿಡಿಯುವುದು ಕಷ್ಟ. ಹಾಗಾಗಿ ಅಂಥ ತೊಂದರೆ ಬಂದ ದಿನ, ಮನೆಯವರಿಗೆ ಹೇಳಿ, ಹತ್ತು ನಿಮಿಷ ಲಾಗ್ ಹಚ್ಚಿ, ಹೆಸರನ್ನು ಹುಡುಕಿ ಬಿಡುಗಡೆ ಮಾಡಿ, ಮತ್ತೆ ಮೂರಕ್ಕೆ ತನ್ನಿ. ಹೊಸಂಗಡಿಯವರು ಹೇಳಿದ್ದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಏಳೆಂಟು ಮನೆಗಳಿಗೆ ಇದನ್ನು ಹಾಕಿಕೊಟ್ಟಿದ್ದೇನೆ, ಎಲ್ಲ ಕಡೆಯೂ ಸೊನ್ನೆಯಲ್ಲೇ ಬಿಟ್ಟಿದ್ದೇನೆ. ಈ ವಾರ ಹೋಗಿ ಬದಲಿಸುತ್ತೇನೆ.

ಪೆರಡಾಲ ಮಾಸ್ತರ್, ನೀರ್ಚಾಲು (ಭಾನುವಾರ, ಮಧ್ಯಾಹ್ನ 3.00)

ಹೊಸಂಗಡಿಯ ಮಗಳೇ, ಬೇಲಿ ಎಂದಾಗ ನನ್ನ ಕಣ್ಣ ಮುಂದೆ ಇದ್ದದ್ದು ಚಿಕ್ಕ ಮಕ್ಕಳು ಮಾತ್ರ. ಬೆಳೆದವರನ್ನು ಕೇಳದೆ ಬೇಲಿ ಹಾಕಬಾರದು, ಒಪ್ಪಿದೆ. ಪೈ-ಹೋಲಿನಲ್ಲಿ ಒಂದೊಂದು ಫೋನನ್ನು ಒಂದೊಂದು ಗುಂಪಿಗೆ ಸೇರಿಸಿ ಬೇರೆ ಬೇರೆ ಪಟ್ಟಿ ಕೊಡಬಹುದೆಂದು ಮೊಮ್ಮಗಳು ಹೇಳುತ್ತಿದ್ದಾಳೆ. ಬೇಡವೆಂದವರ ಫೋನನ್ನು ಏನೂ ತಡೆಯದ ಗುಂಪಿಗೆ ಹಾಕಿದರಾಯಿತು.

ಗಡಿನಾಡ ಸುದ್ದಿಗಾರ, ಬದಿಯಡ್ಕ (ಭಾನುವಾರ, ಸಂಜೆ 5.35)

ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ಇಷ್ಟೆಲ್ಲ ಗುಂಪು, ಮಟ್ಟ, ಬಿಡುಗಡೆ ಇದೆಯೆನ್ನುತ್ತೀರಿ. ಹಾಗಾದರೆ ನಮ್ಮ ತಾಣವೊಂದನ್ನು ಬಿಡುಗಡೆಯ ಪಟ್ಟಿಗೆ ಸೇರಿಸಿ. ಅಷ್ಟಾದರೂ ಮಾಡಬಹುದಲ್ಲ?

ಶಿರಿಯಾ, ಕುಂಬಳೆ (ಭಾನುವಾರ, ಸಂಜೆ 6.50)

ಮಾಡಲಾಗದು ಸರ್, ಮನಸ್ಸಿಲ್ಲವೆಂದಲ್ಲ. ನಿಮ್ಮ ತಾಣವನ್ನು ಪೈ-ಹೋಲ್ ಈಗಲೂ ತಡೆಯುತ್ತಿಲ್ಲ. ತಡೆಯುತ್ತಿರುವುದು ಜಾಹೀರಾತು ಒದಗಿಸುವ ಮಧ್ಯವರ್ತಿಯ ಹೆಸರನ್ನು. ಆ ಹೆಸರಿನ ವಿಳಾಸ ಬೇಕೆಂದು ಪ್ರಶ್ನೆ ಬಂದಾಗ, ಕೇಳುತ್ತಿರುವುದು ನಿಮ್ಮ ಪುಟವೋ ಮೋಸದ ಪುಟವೋ ಎಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಮಧ್ಯವರ್ತಿಯನ್ನು ಬಿಟ್ಟರೆ ಎಲ್ಲ ತಾಣಗಳಿಗೂ ಬಿಟ್ಟಂತೆ. ಈ ತಾಣಕ್ಕೆ ಮಾತ್ರ ಬಿಡು ಎನ್ನಲು ಬರುವುದು ಯುಬ್ಲಾಕಿನಂಥ ಬ್ರೌಸರಿನೊಳಗಿನ ತಂತ್ರಾಂಶಕ್ಕೆ.

ಆದರೆ ಇದನ್ನೇ ತಿರುಗಿಸಿ ನೋಡಿ. ಬದಿಯಡ್ಕದ ಅಂಗಡಿಯವರ ಜಾಹೀರಾತನ್ನು ಚಿತ್ರವಾಗಿ ನಿಮ್ಮದೇ ಸರ್ವರಿನಲ್ಲಿ ಇಟ್ಟು, ನಿಮ್ಮದೇ ತಾಣದ ಹೆಸರಿನಿಂದ ತೋರಿಸಿದರೆ, ಪೈ-ಹೋಲ್ ಅದನ್ನು ಮುಟ್ಟುವುದಿಲ್ಲ. ಸುದ್ದಿಯ ಚಿತ್ರ ಬಂದ ಹಾಗೆ ಅದೂ ಬರುತ್ತದೆ. ಯಾರ ಜಾಡನ್ನೂ ಹಿಡಿಯುವುದಿಲ್ಲ, ಮಲಯಾಳದಲ್ಲೂ ಬರುವುದಿಲ್ಲ, ಏನು ತೋರಿಸುತ್ತಿದ್ದೇವೆಂದು ನಿಮಗೆ ಗೊತ್ತಿರುತ್ತದೆ. ಈಗ ನಿಮ್ಮ ಪುಟದಲ್ಲಿ ಅಡೂರಿನ ಅಮ್ಮನಿಗೆ ಏನು ಕಾಣಿಸಿತು ಎಂದು ನಿಮಗೆ ಗೊತ್ತಿದೆಯೇ? ಗೊತ್ತಿರಲು ಸಾಧ್ಯವಿಲ್ಲ. ಆ ಜಾಗವನ್ನು ನೀವು ಮಧ್ಯವರ್ತಿಗೆ ಬಿಟ್ಟುಕೊಟ್ಟಿದ್ದೀರಿ. ಹುಡುಕಾಟದ ಫಲಿತಾಂಶದ ನಡುವೆ ಮೋಸಗಾರರು ಹೆಸರಾಂತ ಸಂಸ್ಥೆಗಳ ವೇಷದಲ್ಲಿ ಜಾಹೀರಾತು ಹಾಕುತ್ತಿದ್ದಾರೆ, ಜಾಹೀರಾತು ತಡೆಯುವ ತಂತ್ರಾಂಶ ಬಳಸಿ ಎಂದು 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯೇ ಜನರಿಗೆ ಸೂಚನೆ ಕೊಟ್ಟಿತ್ತು.

ಗಡಿನಾಡ ಸುದ್ದಿಗಾರ, ಬದಿಯಡ್ಕ (ಭಾನುವಾರ, ರಾತ್ರಿ 8.15)

ಹೇಳುವುದು ಸುಲಭ. ಮಧ್ಯವರ್ತಿಗಾದರೆ ಒಂದು ಸಾಲು ಕೋಡ್ ಅಂಟಿಸಿದರೆ ಮುಗಿಯಿತು, ತಿಂಗಳ ಕೊನೆಗೆ ಬಂದಷ್ಟು ಬರುತ್ತದೆ. ಅಂಗಡಿಯವರ ಜಾಹೀರಾತು ಬೇಕಾದರೆ ಅಂಗಡಿ ಅಂಗಡಿ ಹತ್ತಬೇಕು, ಚಿತ್ರ ಮಾಡಿಕೊಡಬೇಕು, ಹಣಕ್ಕೆ ಮೂರು ಸಲ ಅಲೆಯಬೇಕು. ನಾನು ವರದಿ ಬರೆಯುವುದು ಯಾವಾಗ?

ಆದರೆ ಏನು ಕಾಣಿಸಿತೆಂದು ನಿಮಗೆ ಗೊತ್ತಿದೆಯೇ ಎಂಬ ಪ್ರಶ್ನೆ ಚುಚ್ಚಿತು. ಪಯಸ್ವಿನಿಯವರೇ, ನಿಮ್ಮ ಅಮ್ಮ ಆ ದಿನ ಓದುತ್ತಿದ್ದದ್ದು ನಮ್ಮ ತಾಣವೇ?

ಪಯಸ್ವಿನಿ, ಅಡೂರು (ಭಾನುವಾರ, ರಾತ್ರಿ 8.40)

ಯಾವ ತಾಣವೆಂದು ಅಮ್ಮನಿಗೆ ನೆನಪಿಲ್ಲ ಸರ್. ನಿಮ್ಮದನ್ನೂ ಓದುತ್ತಾರೆ, ಇನ್ನೂ ಎರಡನ್ನು ಓದುತ್ತಾರೆ.

ತೋಟದ ಮನೆ, ಮುಳ್ಳೇರಿಯ (ಭಾನುವಾರ, ರಾತ್ರಿ 9.10)

ಸುದ್ದಿಗಾರರೇ, ನನ್ನ ಭಾವನಿಗೆ ಬದಿಯಡ್ಕ ಪೇಟೆಯಲ್ಲಿ ಗೊಬ್ಬರ ಮತ್ತು ಕೃಷಿ ಔಷಧದ ಅಂಗಡಿ ಇದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು ಎಲ್ಲರಿಗೂ ಮೈಲುತುತ್ತು ಬೇಕು. ಈ ಹೊತ್ತಿನಲ್ಲಿ ಅವನು ಆಟೊಗೆ ಮೈಕ್ ಕಟ್ಟಿ ಊರೂರು ಕೂಗಿಸುತ್ತಾನೆ. ನಿಮ್ಮ ನಂಬರನ್ನು ಅವನಿಗೆ ಕೊಡಲೇ?

ಗಡಿನಾಡ ಸುದ್ದಿಗಾರ, ಬದಿಯಡ್ಕ (ಭಾನುವಾರ, ರಾತ್ರಿ 9.20)

ಕೊಡಿ. ಮಧ್ಯವರ್ತಿಯ ಕೋಡನ್ನು ತೆಗೆಯುತ್ತೇನೆಂದು ಮಾತು ಕೊಡಲಾರೆ, ಅದು ಈಗಲೂ ನಮ್ಮ ಬಾಡಿಗೆ. ಆದರೆ ಪರದೆ ತುಂಬ ಹಾರಿ ಕೂರುವ ಬಗೆಯದ್ದನ್ನು ಇಂದು ರಾತ್ರಿಯೇ ನಿಲ್ಲಿಸುತ್ತೇನೆ. ಅದು ನನ್ನ ಕೈಯಲ್ಲಿದೆ.

ಗಡಿನಾಡ ಸುದ್ದಿಗಾರ, ಬದಿಯಡ್ಕ (ಗುರುವಾರ, ಬೆಳಗ್ಗೆ 6.30)

ಗೊಬ್ಬರದ ಅಂಗಡಿಯವರ ಜಾಹೀರಾತನ್ನು ಅಡಿಕೆ ಧಾರಣೆಯ ಪುಟದಲ್ಲಿ ಹಾಕಿದ್ದೇನೆ, ನಮ್ಮದೇ ಸರ್ವರಿನಿಂದ. ಒಂದು ತಿಂಗಳ ಹಣ ಮುಂಗಡವಾಗಿ ಕೊಟ್ಟರು. ಪಯಸ್ವಿನಿಯವರೇ, ನಿಮ್ಮ ಪೈ ದಾಟಿ ಅದು ಕಾಣಿಸುತ್ತದೆಯೇ ನೋಡಿ ಹೇಳುತ್ತೀರಾ?

ಪಯಸ್ವಿನಿ, ಅಡೂರು (ಗುರುವಾರ, ಬೆಳಗ್ಗೆ 7.25)

ಕಾಣಿಸುತ್ತದೆ ಸರ್. ಸಮಯದ ಸರ್ವರಿನ ವಿಳಾಸವನ್ನು ಅಂಕಿಯಲ್ಲಿ ಹಾಕಿದ್ದೇನೆ, ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ಪೈ ತಾನಾಗಿಯೇ ಸರಿಯಾಯಿತು. ಗೋಪ್ಯತೆ ಮೂರರಲ್ಲಿದೆ, ಹಳೆಯ ಲಾಗ್ ಅಳಿಸುವಾಗ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ.

ಜಾಹೀರಾತನ್ನು ಅಮ್ಮನಿಗೆ ತೋರಿಸಲಿಲ್ಲ, ಧಾರಣೆ ನೋಡುವಾಗ ಅವರೇ ಕಂಡು ಗಟ್ಟಿಯಾಗಿ ಓದಿದರು. ಈ ಸಲ ಮೈಲುತುತ್ತಿಗೆ ಕಿಲೋಗೆ ಎಷ್ಟೆಂದು ಬರೆದಿಲ್ಲವಲ್ಲ, ಫೋನ್ ಮಾಡಿ ಕೇಳು ಎಂದಿದ್ದಾರೆ. ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ?